ಹೆಬ್ಬಾವಿನ ಉಪವಾಸ ಮತ್ತು ಉಷ್ಣಮಾಪಕ

ಗಂಗಾವತಿಯ ಸುತ್ತಲಿನ ಬಂಡೆಗುಡ್ಡಗಳನ್ನು ನೀವು ನೋಡಿರಬಹುದು. ಹಗಲೆಲ್ಲ ಕಾದ ಬಂಡೆ ಕತ್ತಲಾದ ಮೇಲೂ ಬೆಚ್ಚಗಿರುತ್ತದೆ. ಅದರ ಸಂದಿಯೊಳಗೆ ಹಗಲಲ್ಲೂ ತಂಪು. ಹೆಬ್ಬಾವಿಗೆ ಬೇಕಾದದ್ದು ಇಂಥ ನೆಲೆಯೇ. ಬಿಸಿಲು, ನೆರಳುಗಳ ನಡುವೆ ಜಾಗ ಬದಲಿಸಿಯೇ ಅದು ಮೈಬಿಸಿಯನ್ನು ಹೊಂದಿಸಿಕೊಳ್ಳುತ್ತದೆ. ಹಾವು ಶೀತರಕ್ತ ಪ್ರಾಣಿ ಎಂದು ನಾವು ಪಾಠ ಹೇಳುತ್ತೇವೆ. ಈ ಪಾಠಕ್ಕೊಂದು ಸ್ವಾರಸ್ಯಕರ ಅಪವಾದವಿದೆ ಗೊತ್ತೇ?

ಭಾರತದಲ್ಲಿ ಸಂಚರಿಸಿದ್ದ ಫ್ರೆಂಚ್ ಪ್ರವಾಸಿ ಲಮಾರ್-ಪಿಕೊ, ತಾಯಿ ಹೆಬ್ಬಾವು ಮೊಟ್ಟೆಗಳನ್ನು ಸುತ್ತಿಕೊಂಡು ಮೈಶಾಖದಿಂದ ಕಾವು ಕೊಡುತ್ತದೆಂದು 1832ರಲ್ಲಿ ವರದಿ ಮಾಡಿದ. ಪ್ಯಾರಿಸ್ಸಿನ ಪಂಡಿತರು ನಂಬಲಿಲ್ಲ. 1841ರಲ್ಲಿ ಅದೇ ಊರಿನಲ್ಲಿ ಸಾಕಿದ್ದ ಹೆಬ್ಬಾವೊಂದು ಮೊಟ್ಟೆಯಿಟ್ಟಿತು. ಪ್ರಾಣಿವಿಜ್ಞಾನಿ ವಲೆನ್ಸಿಯೆನ್ ಅದರ ಉಷ್ಣತೆಯನ್ನು ಅಳೆದ. ಸುರುಳಿಯ ಒಳಗಿನ ಬಿಸಿ ಹೊರಗಿನದಕ್ಕಿಂತ ಹೆಚ್ಚಿತ್ತು! ವಾದಕ್ಕೆ ಉತ್ತರ ಕೊಟ್ಟದ್ದು ಉಷ್ಣಮಾಪಕ.

ಈ ಶಾಖ ಬರುವುದೆಲ್ಲಿಂದ? 1966ರಲ್ಲಿ ಹಚಿಸನ್, ಡೌಲಿಂಗ್ ಮತ್ತು ವಿನೆಗರ್ ಇದನ್ನು ವಿವರಿಸಿದರು. ಸುತ್ತಲಿನ ಉಷ್ಣತೆ 33 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದಾಗ ಕಾವು ಕೂತ ತಾಯಿಯ ಸ್ನಾಯುಗಳು ಮತ್ತೆ ಮತ್ತೆ ಸಂಕುಚಿಸುತ್ತವೆ. ಚಳಿಯಲ್ಲಿ ನಾವು ನಡುಗುವಂತೆ. ಸುಮಾರು ಎರಡು ತಿಂಗಳ ಈ ಅವಧಿಯಲ್ಲಿ ಅದು ಸಾಮಾನ್ಯವಾಗಿ ಆಹಾರ ಮುಟ್ಟುವುದಿಲ್ಲ. ಇದು ರೋಗವಲ್ಲ.

ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್ ಕೂಡ ಮೊಟ್ಟೆಗಳನ್ನು ಸುತ್ತಿಕೊಳ್ಳುತ್ತದೆ, ಆದರೆ ಹೀಗೆ ನಡುಗಿ ಬಿಸಿಯೇರಿಸುವುದಿಲ್ಲ. ಪಂಜರದಲ್ಲಿ ಅದು ಪೂರ್ತಿಯಾಗಿ ಸಾಕುವವರು ಒದಗಿಸುವ ಶಾಖವನ್ನೇ ನಂಬಿರುತ್ತದೆ. ತಣ್ಣಗಿನ ಮೈಯಲ್ಲಿ ಕಿಣ್ವಗಳ ಕೆಲಸ ನಿಧಾನ; ನುಂಗಿದ ಬೇಟೆ ಅರಗುವ ಮೊದಲೇ ಕೊಳೆಯಬಹುದು, ಹಾವು ಅದನ್ನು ಕಕ್ಕಲೂಬಹುದು. ಆದ್ದರಿಂದ ಹಾವು ತಿನ್ನದಿದ್ದಾಗ ಮೊದಲು ನೋಡಬೇಕಾದದ್ದು ಉಷ್ಣತೆ. ಒಂದು ತುದಿ ಸುಮಾರು 32 ಡಿಗ್ರಿ, ಇನ್ನೊಂದು ಸುಮಾರು 26 ಡಿಗ್ರಿ, ಎರಡೂ ಕಡೆ ಅಡಗುತಾಣ, ಪದೇ ಪದೇ ಮುಟ್ಟದಿರುವುದು: ಇಷ್ಟಿದ್ದರೆ ಎಷ್ಟೋ ಹಾವುಗಳು ಮತ್ತೆ ತಿನ್ನುತ್ತವೆ. ಆರೋಗ್ಯವಂತ ಹಾವು ತಿಂಗಳುಗಟ್ಟಲೆ ಉಪವಾಸವಿದ್ದರೂ ತೂಕ ಹೆಚ್ಚು ಕಳೆದುಕೊಳ್ಳುವುದಿಲ್ಲ. ತೂಕ ಇಳಿಯುತ್ತಿದ್ದರೆ ಪಶುವೈದ್ಯರಿಗೆ ತೋರಿಸಲೇಬೇಕು.

2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ 55 ಬಾಲ್ ಪೈಥಾನ್‌ಗಳು ಸಿಕ್ಕಿದ್ದವು. ಪೆಟ್ಟಿಗೆಯಲ್ಲಿ ತುಂಬಿ ತಂದ ಹಾವಿಗೆ ಬಿಸಿಲು, ನೆರಳುಗಳ ಆಯ್ಕೆ ಎಲ್ಲಿಯದು? ನಮ್ಮ ಹೆಬ್ಬಾವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಗದ್ದೆಯಲ್ಲಿ ಕಂಡರೆ ದೂರ ನಿಂತು ಅರಣ್ಯ ಇಲಾಖೆಗೆ ತಿಳಿಸಿ.

ಹಾವಿಲ್ಲದೆಯೂ ಈ ಪಾಠ ಮಾಡಬಹುದು. ಶಾಲೆಯ ಗೋಡೆಯ ಬಿಸಿಲು ಬೀಳುವ ಬದಿ ಮತ್ತು ನೆರಳಿನ ಬದಿಗಳಲ್ಲಿ ಒಂದೊಂದು ಉಷ್ಣಮಾಪಕ ಇಡಿ. ಗಂಟೆಗೊಮ್ಮೆ ಅಂಕಿ ಬರೆದುಕೊಳ್ಳಿ. ಆ ಎರಡು ಅಂಕಿಗಳ ನಡುವೆಯೇ ಹೆಬ್ಬಾವಿನ ಬದುಕು ಸಾಗುತ್ತದೆ.