ದಾಬೋಲಿಂನಿಂದ ದೂರತೀರಕ್ಕೆ

ಕಡಲಾಚೆಯ ಸಂಚಾರದ ಮಾತು ಬಂದಾಗ ಗೋವೆಯ ಕನ್ನಡಿಗರಾದ ನಾವು ಕದಂಬರನ್ನೂ ಅವರ ಗೋಪಕಪಟ್ಟಣವನ್ನೂ ಅಭಿಮಾನದಿಂದ ನೆನೆಯುತ್ತೇವೆ. ಜುವಾರಿ ದಂಡೆಯ ಆ ರೇವಿಗೆ ಹನ್ನೊಂದನೆಯ ಶತಮಾನದಲ್ಲಿಯೇ ಅರಬ್ಬೀ ಸಮುದ್ರದಾಚೆಯ ವರ್ತಕರ ನಂಟಿತ್ತು. ಅದೇ ನದಿಯ ಅಳಿವೆಗೆ ಸಮೀಪದ ದಾಬೋಲಿಂನ ಚರಿತ್ರೆಯತ್ತ ಮಾತ್ರ ನಮ್ಮ ಗಮನ ಅಷ್ಟಾಗಿ ಹರಿದಿಲ್ಲ.

ಭಾರತದ ದಿಗ್ಬಂಧನಕ್ಕೆ ಉತ್ತರವಾಗಿ ಪೋರ್ಚುಗೀಸರು ಇಲ್ಲಿ ವಿಮಾನನಿಲ್ದಾಣ ಕಟ್ಟಿ, 1955ರಲ್ಲಿ ಟಿ.ಎ.ಐ.ಪಿ. ಎಂಬ ವಿಮಾನಸಂಸ್ಥೆಯನ್ನು ಹುಟ್ಟುಹಾಕಿದರು. ಅದರ ಡಿಸಿ-4 ವಿಮಾನಗಳು ಕರಾಚಿ ಮೊದಲಾದೆಡೆ ತಂಗುತ್ತ ಲಿಸ್ಬನ್ ಸೇರುತ್ತಿದ್ದವು. ನಾಲ್ಕು ಎಂಜಿನ್‌ಗಳಿದ್ದರೂ ಒಳಗಿನ ಗಾಳಿಯ ಒತ್ತಡವನ್ನು ಕಾಯುವ ವ್ಯವಸ್ಥೆ ಇಲ್ಲದ್ದರಿಂದ ಅವು ಮೋಡಗಳಿಗೆ ಅಂಜಿ ತಗ್ಗಿನಲ್ಲೇ ಹಾರಬೇಕಿತ್ತು. 1961ರ ಡಿಸೆಂಬರ್ 18ರಂದು ಭಾರತೀಯ ವಾಯುಪಡೆಯ ಕ್ಯಾನ್‌ಬೆರಾಗಳು ಓಡುದಾರಿಯ ಮೇಲೆ ಬಾಂಬು ಸುರಿದವು. ಆ ರಾತ್ರಿಯೇ ಒಂದು ಡಿಸಿ-4, ಒಂದು ಕಾನ್‌ಸ್ಟೆಲೇಶನ್ ಅಳಿದುಳಿದ ಓಡುದಾರಿಯಿಂದ ಮೇಲೆದ್ದು ಕರಾಚಿಗೆ ಪಾರಾದವು!

1970ರಲ್ಲಿ ಬೋಯಿಂಗ್ 747 ಪ್ರಯಾಣಿಕರ ಸೇವೆಗಿಳಿಯಿತು. ಒಳಗೆ ಎರಡು ನಡುದಾರಿಗಳಿರುವ ಇಂಥವನ್ನೇ ವೈಡ್‌ಬಾಡಿ ಎನ್ನುವುದು. ಮರುವರ್ಷ ಏರ್ ಇಂಡಿಯಾಕ್ಕೆ ಬಂದ ಮೊದಲ 747ರ ಹೆಸರು 'ಎಂಪರರ್ ಅಶೋಕ'. ಹೆಸರಿನಂತೆ ಗಾತ್ರವೂ ಚಕ್ರವರ್ತಿಯದೇ. ಆದರೆ ಮುನ್ನೂರೈವತ್ತು ಆಸನಗಳನ್ನು ಗೋವೆಯಂಥ ಊರು ದಿನವೂ ತುಂಬಬಲ್ಲುದೆ? ಮುಂಬಯಿಯೇ ಅದಕ್ಕೆ ತಕ್ಕ ರಾಜಧಾನಿ.

ನಮ್ಮಂಥ ಊರುಗಳ ಭಾಗ್ಯ ತೆರೆದದ್ದು ವಿಮಾನ ಹಿಗ್ಗಿದ್ದರಿಂದಲ್ಲ, ಕುಗ್ಗಿದ್ದರಿಂದ ಎಂಬುದು ನಮ್ಮ ಅಭಿಮತ. ಎರಡೇ ಎಂಜಿನ್‌ಗಳ ವಿಮಾನವು, ಒಂದು ಕೆಟ್ಟರೂ ಅರುವತ್ತು ನಿಮಿಷಗಳೊಳಗೆ ನಿಲ್ದಾಣವೊಂದನ್ನು ಮುಟ್ಟುವ ಅಂತರದಲ್ಲೇ ಹಾರಬೇಕೆಂಬುದು 1953ರ ಅಮೆರಿಕದ ನಿಯಮ. ಎಂಜಿನ್‌ಗಳ ಮೇಲಿನ ವಿಶ್ವಾಸ ಬೆಳೆದಂತೆ ಆ ಮಿತಿ 1985ರಲ್ಲಿ 120ಕ್ಕೆ, 1988ರಲ್ಲಿ 180 ನಿಮಿಷಗಳಿಗೆ ಏರಿತು. ಸಾಗರಗಳ ಮೇಲೆ ನಾಲ್ಕು ಎಂಜಿನ್‌ಗಳಿಗಿದ್ದ ಮೇಲುಗೈ ಅಲ್ಲಿಂದ ಸಡಿಲಿತು.

ಈ ಬಗೆಯ ಎರಡು ವಿಮಾನಗಳನ್ನು ತೂಗಿ ನೋಡಬೇಕು. 777-200ಎಲ್‌ಆರ್ ಹದಿನೈದು ಸಾವಿರ ಕಿ.ಮೀ.ಗೂ ಮಿಗಿಲಾಗಿ ನಿಲ್ಲದೆ ಹಾರಬಲ್ಲುದು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ಮಹಿಳಾ ತಂಡ ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲಾಗಿ ಬೆಂಗಳೂರಿಗೆ ಬಂದಿಳಿದದ್ದು ಇದರಲ್ಲೇ. ಗೋವೆಯಿಂದ ಲಂಡನ್ನಿಗೆ ಸುಮಾರು ಏಳೂವರೆ ಸಾವಿರ ಕಿ.ಮೀ. ಅಷ್ಟಕ್ಕೆ ಆ ದೈತ್ಯ ಇಂಧನತೊಟ್ಟಿಗಳನ್ನು ಹೊರುವ ಒಡಲು ವೃಥಾ ಭಾರ. ತೂಕದ ಅರ್ಧಪಾಲು ಇಂಗಾಲದೆಳೆಯ ಮಿಶ್ರವಸ್ತುವಿನದಾದ 787-8 ಇಲ್ಲಿಗೆ ಹೆಚ್ಚು ಹೊಂದುತ್ತದೆ. ಏರ್ ಇಂಡಿಯಾ ಅದರಲ್ಲಿ 256 ಆಸನಗಳನ್ನಿಟ್ಟಿತ್ತು.

ದಾಬೋಲಿಂ ನೌಕಾಪಡೆಯ ನೆಲೆಯೂ ಹೌದಾದ್ದರಿಂದ ನಾಗರಿಕ ವಿಮಾನಗಳಿಗೆ ವೇಳೆಯ ಕಟ್ಟುಪಾಡು ಉಂಟು. 2023ರ ಜನವರಿಯಲ್ಲಿ ಪೆಡ್ಣೆ ತಾಲೂಕಿನ ಮೋಪಾ ನಿಲ್ದಾಣ ಸೇವೆಗೆ ತೆರೆದುಕೊಂಡಿತು. ಅದೇ ವರ್ಷ ಅಲ್ಲಿಂದ ಲಂಡನ್ನಿನ ಗ್ಯಾಟ್ವಿಕ್‌ಗೆ 787 ನೇರವಾಗಿ ಹಾರತೊಡಗಿತು. ಆದರೆ 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿತು. ಜೂನಿನಲ್ಲಿ ಪಶ್ಚಿಮ ಏಷ್ಯಾದ ದಾರಿಗಳೂ ಕೆಲಕಾಲ ಮುಚ್ಚಿದವು, ಅಹಮದಾಬಾದಿನ ದುರಂತದ ಬಳಿಕ ತಪಾಸಣೆಗಳೂ ಬಿಗಿಯಾದವು. ಆ ಜೂನಿನಲ್ಲೇ ಗ್ಯಾಟ್ವಿಕ್ ಸೇವೆಯನ್ನು ತಡೆಹಿಡಿಯಲಾಯಿತು. ಅಂದು ಪೋರ್ಚುಗೀಸರ ವಿಮಾನಗಳು ಆಶ್ರಯ ಪಡೆದ ಕರಾಚಿಯ ಆಕಾಶವನ್ನು ಇಂದು ಗೋವೆಯಿಂದೇಳುವ ಭಾರತೀಯ ವಿಮಾನ ಸುತ್ತಿಕೊಂಡೇ ಹೋಗಬೇಕಾಗಿದೆ.