ಟನ್ನಿಗೆ ಒಂದೂವರೆ ರೂಪಾಯಿ

ಇಂದಿರಾನಗರದಲ್ಲೋ ಸದಾಶಿವನಗರದಲ್ಲೋ ಒಂದು ‘ಇಕೋ-ಫ್ರೆಂಡ್ಲಿ’ ಫರ್ನಿಶ್ಡ್ ಫ್ಲ್ಯಾಟ್ ಬಾಡಿಗೆಗೆ ನೋಡೋಕೆ ಹೋಗಿ. ಬ್ರೋಕರ್ ಮೊದಲು ಬಾಲ್ಕನಿ ತೋರಿಸ್ತಾನೆ, ಆಮೇಲೆ ಬಿದಿರಿನ ಫ್ಲೋರಿಂಗು, ಹಳೇ ತೇಗದ ಡೈನಿಂಗ್ ಟೇಬಲ್ಲು. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ತಿಂಗಳದ್ದು ಅಂತ ನಾವು ಕೇಳ್ತೀವಿ. ಕಾಡಿಗೆ ಎಷ್ಟು ಕೊಟ್ರು ಅಂತ ಯಾರೂ ಕೇಳಲ್ಲ. ಆ ಲೆಕ್ಕ ಸಿಗುವ ಊರೊಂದಿದೆ: ದಾಂಡೇಲಿ.

ಅಳ್ನಾವರದಿಂದ ಬರುವ ರೈಲು ಹಳಿ ದಾಂಡೇಲಿಯ ಅಂಬೇವಾಡಿಯಲ್ಲಿ ಕೊನೆಯಾಗುತ್ತೆ. ಬಹಳ ವರ್ಷ ನಿಂತೇಹೋಗಿದ್ದ ಪ್ಯಾಸೆಂಜರ್ ರೈಲು ಮತ್ತೆ ಶುರುವಾಗಿದ್ದು 2019ರಲ್ಲಿ. ಆದರೆ ಬ್ರಿಟಿಷರು ಈ ಹಳಿ ಹಾಕಿಸಿದ್ದು ಜನರಿಗಾಗಿ ಅಲ್ಲ, ನಾಟಾಕ್ಕಾಗಿ. ಕಾಳಿ ಕಣಿವೆಯ ತೇಗ ಹೊರಗೆ ಹೋಗಬೇಕಿತ್ತು.

ತೇಗದ ನಂತರ ಬಿದಿರಿನ ಸರದಿ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯ್ತು. ಹೊಸ ದೇಶಕ್ಕೆ ಕಾಗದ ಬೇಕು, ಜನರಿಗೆ ಕೆಲಸ ಬೇಕು. ಆ ಕಾಲದ ಆಸೆ ತಪ್ಪೇನಲ್ಲ. ಸುತ್ತಲಿನ ಕಾಡಿನ ಬಿದಿರನ್ನು ಮಿಲ್ಲಿಗೆ ಕೊಡಲು ಸರ್ಕಾರ ಒಪ್ಪಿತು. ದರ ಟನ್ನಿಗೆ 1 ರೂಪಾಯಿ 50 ಪೈಸೆ. ಅದೇ ಬಿದಿರಿಗೆ ಬುಟ್ಟಿ, ಮೊರ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಇದರ ನೂರಾರು ಪಟ್ಟು ತೆರಬೇಕಿತ್ತು. ಇಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನು ಜೋಪಾನ ಮಾಡೋರು ಯಾರು? ಬಿದಿರು ಹುಲ್ಲಿನ ಜಾತಿ, ಕಡಿದಷ್ಟೂ ಬರುತ್ತೆ ಅನ್ನೋ ನಂಬಿಕೆ ಬೇರೆ.

1970ರ ದಶಕದ ಹೊತ್ತಿಗೆ ಬಿದಿರು ಕರಗತೊಡಗಿತ್ತು. ಮೇದಾರರು ದನಿ ಎತ್ತಿದರು. ಸರ್ಕಾರ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಅಧ್ಯಯನ ಮಾಡಲು ಹೇಳಿತು. ಹಳ್ಳಿಯವರ ದನ ಮೇಯೋದೇ ಕಾರಣ ಅನ್ನೋದು ಅಲ್ಲಿಯವರೆಗಿನ ಸಿದ್ಧ ಉತ್ತರ. ಗಾಡ್ಗೀಳರು ಮತ್ತು ಜೊತೆಗಾರರು ಕಾಡಲ್ಲಿ ಮೆಳೆಮೆಳೆ ಅಲೆದು ನೋಡಿದರು. ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳುಗೊಂಬೆಗಳ ಒತ್ತಾದ ಹೊದಿಕೆ ಇರುತ್ತೆ. ಕಡಿಯೋಕೆ ಅಡ್ಡಿ, ಅದಕ್ಕೇ ಅದನ್ನು ಸವರಿ ‘ಚೊಕ್ಕ’ ಮಾಡ್ತಿದ್ದರು. ಮೆಳೆಗೂ ಒಳ್ಳೇದು ಅಂತ ಭಾವನೆ. ನಿಜ ಉಲ್ಟಾ. ಆ ಮುಳ್ಳೇ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ಎಳೆ ಕಳಲೆಯನ್ನು ಮುಳ್ಳುಹಂದಿ, ಮಂಗ, ದನ ಎಲ್ಲವೂ ತಿಂದವು. ಹಳ್ಳಿಯವರಿಗೆ ಇದು ಮೊದಲೇ ಗೊತ್ತಿತ್ತು. ಅವರನ್ನು ಕೇಳಿರಲಿಲ್ಲ ಅಷ್ಟೆ.

ಸುತ್ತಲಿನದು ಸಾಲದಾದಾಗ ಮಿಲ್ಲು ದೂರದ ರಾಜ್ಯಗಳಿಂದ ಬಿದಿರು ತರಿಸಿತು. ಮುಂದೆ ರೈತರ ಹೊಲದಲ್ಲಿ ಬೆಳೆದ ಮರಗಳತ್ತ ತಿರುಗಿತು. ಮೇದಾರರಿಗೆ ಆ ದಾರಿ ಇರಲಿಲ್ಲ. ಬಿದಿರು ಸಿಗದಿದ್ದರೆ ಕಸುಬೇ ಬಿಡಬೇಕು.

ಈಗ ಅದೇ ದಾಂಡೇಲಿಗೆ ನಾವು ವೀಕೆಂಡಿಗೆ ಹೋಗ್ತೀವಿ. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಕಾಡಿಗೆ 2015ರಿಂದ ಕಾಳಿಯ ಹೆಸರಿದೆ. ಊರಿನ ಆಸುಪಾಸಲ್ಲಿ ‘ಇಕೋ’ ಬೋರ್ಡುಗಳಿಗೂ ಬರವಿಲ್ಲ.

ಬಿದಿರು ಹಾಸಿದ ಮಾತ್ರಕ್ಕೆ ಮನೆ ಹಸಿರಾಗಲ್ಲ. ಎಲ್ಲಿಂದ ಕಡಿದರು, ಹೇಗೆ ಕಡಿದರು, ಯಾರ ಪಾಲಿನದು, ಎಷ್ಟಕ್ಕೆ ಕೊಂಡರು ಅನ್ನೋದರ ಮೇಲೆ ಅದು ನಿಂತಿದೆ. ಮುಂದಿನ ಸಲ ಮನೆ ನೋಡೋಕೆ ಹೋದಾಗ ಬ್ರೋಕರ್ ಹತ್ತಿರ ಅಡ್ವಾನ್ಸ್ ವಿಷಯಕ್ಕೆ ಜಗ್ಗಾಡೋ ಮುಂಚೆ ಇದನ್ನೂ ಒಮ್ಮೆ ಕೇಳಿ. ಅವನಿಗೆ ಉತ್ತರ ಗೊತ್ತಿರಲಿಕ್ಕಿಲ್ಲ. ಆದರೂ ಕೇಳಿ.