ಮುಕ್ಕಾಲು ಜಿಬಿ ಎಲ್ಲಿ ಹೋಯ್ತು?

2010ರಲ್ಲಿ ಒಂದು ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 2 ಜಿಬಿಯ ರ್‍ಯಾಮ್ ತಂದೆ. ಮನೆ ಕಂಪ್ಯೂಟರಿನಲ್ಲಿ ಆಗಲೇ 2 ಜಿಬಿ ಇತ್ತು. ಎರಡೂ ಎರಡೂ ನಾಲ್ಕು, ಒಂದನೇ ಕ್ಲಾಸಿನ ಲೆಕ್ಕ. ಡಬ್ಬ ಬಿಚ್ಚಿ, ಹೊಸ ಸ್ಟಿಕ್ಕನ್ನು 'ಟಕ್' ಅನ್ನೋವರೆಗೂ ಒತ್ತಿ ಕೂರಿಸಿ, ವಿಂಡೋಸ್ ಎಕ್ಸ್‌ಪಿ ಆನ್ ಮಾಡಿ ನೋಡಿದರೆ 3.25 ಜಿಬಿ ಅಂತ ತೋರಿಸ್ತು.

ತಲೆಗೆ ಬಂದ ಮೊದಲ ಮಾತು: ಅಂಗಡಿಯವನು ಟೋಪಿ ಹಾಕಿಬಿಟ್ಟ.

ಮುಂದಿನ ಶನಿವಾರ ಸ್ಟಿಕ್ ಹಿಡಿದುಕೊಂಡು ಅದೇ ಅಂಗಡಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗ ಅದನ್ನು ತನ್ನ ಕಂಪ್ಯೂಟರಿಗೆ ಹಾಕಿ ಪರೀಕ್ಷೆ ಮಾಡಿ, "ಸ್ಟಿಕ್ ಸರಿಯಾಗೇ ಇದೆ ಸಾರ್. ನಾಲ್ಕು ಹಾಕಿದ್ರೆ ಎಲ್ಲರಿಗೂ ಮೂರು ಚಿಲ್ಲರೆನೇ ತೋರ್ಸೋದು" ಅಂದ. "ಹಾಗಾದ್ರೆ ಮುಕ್ಕಾಲು ಜಿಬಿ ದುಡ್ಡು ವಾಪಸ್ ಕೊಡು" ಅಂದೆ. ನಾಲ್ಕು ಜನ ಗಿರಾಕಿಗಳ ಮುಂದೆ, ಜೋರಾಗೇ ಅಂದೆ. ಅವನು ಮಾತಾಡದೆ ಬೇರೆ ಸ್ಟಿಕ್ ಕೊಟ್ಟ. ಮನೆಗೆ ಬಂದು ಹಾಕಿದೆ. 3.25.

ಅಂದರೆ ಹುಡುಗ ಹೇಳಿದ್ದು ನಿಜ. ಯಾಕೆ ಅನ್ನೋದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕೆದಕುತ್ತಾ ಹೋದಾಗ ಗೊತ್ತಾಗಿದ್ದು, ಈ ಮುಕ್ಕಾಲು ಜಿಬಿ ಕಳೆದುಹೋಗುವ ಏರ್ಪಾಡು ಅವನು ಹುಟ್ಟುವ ಮುಂಚೆಯೇ ಆಗಿಹೋಗಿತ್ತು ಅಂತ.

ವಿಷಯ ಅರ್ಥ ಆಗಬೇಕಾದರೆ ಒಂದು ಬಡಾವಣೆಯನ್ನು ಕಲ್ಪಿಸಿಕೊಳ್ಳಿ. ಇಲ್ಲಿ ಮನೆ ನಂಬರಿಗೆ ಎರಡೇ ಅಂಕಿ, 00ರಿಂದ 99ರವರೆಗೆ. ಒಟ್ಟು ನೂರು ನಂಬರು. ಆದರೆ ಪಾರ್ಕು, ನೀರಿನ ಟ್ಯಾಂಕು, ಟ್ರಾನ್ಸ್‌ಫಾರ್ಮರು, ಹಾಲಿನ ಬೂತು, ಇವಕ್ಕೂ ಇದೇ ಸಾಲಿನಲ್ಲೇ ನಂಬರು ಕೊಡಬೇಕು. ಅವು ಇಪ್ಪತ್ತು ನಂಬರು ತಗೊಂಡವು ಅನ್ನಿ. ನೀವು ನೂರು ಮನೆ ಕಟ್ಟಿಸಿದರೂ ಇಪ್ಪತ್ತಕ್ಕೆ ನಂಬರಿಲ್ಲ. ಗೋಡೆ ಇದೆ, ಸೂರಿದೆ, ಬಾಗಿಲಿದೆ. ಪೋಸ್ಟ್‌ಮ್ಯಾನ್ ಮಾತ್ರ ಬರಲ್ಲ.

ಕಂಪ್ಯೂಟರಿನ ಮೆಮೊರಿಯೂ ಹೀಗೇ. ಪ್ರತಿ ಬೈಟಿಗೂ ಒಂದು ವಿಳಾಸ ಬೇಕು. ವಿಳಾಸಕ್ಕೆ ಎಷ್ಟು ಬಿಟ್ ಅಂತ ಪ್ರೊಸೆಸರ್ ರೂಪಿಸುವಾಗಲೇ ತೀರ್ಮಾನ ಆಗಿರತ್ತೆ. 16 ಬಿಟ್ ಆದರೆ 65,536 ವಿಳಾಸ, 20 ಬಿಟ್ ಆದರೆ 10,48,576, 32 ಬಿಟ್ ಆದರೆ 429 ಕೋಟಿ ಚಿಲ್ಲರೆ, ಅಂದರೆ 4 ಜಿಬಿ. ಪರದೆಯ ಮೇಲೆ ಚಿತ್ರ ಮೂಡಿಸುವ ಕಾರ್ಡು, ನೆಟ್‌ವರ್ಕ್ ಕಾರ್ಡು, ಯಂತ್ರವನ್ನು ಎಬ್ಬಿಸುವ ಬಯೋಸ್, ಇವುಗಳ ಜೊತೆ ಪ್ರೊಸೆಸರ್ ಮಾತಾಡೋದೂ ಬಹುಪಾಲು ಇದೇ ವಿಳಾಸಗಳ ಮೂಲಕ. ಪಾರ್ಕು, ಟ್ಯಾಂಕು ಇವೇ.

ಈ ಪದ್ಧತಿಯನ್ನು ದೊಡ್ಡದಾಗಿ ಬಳಕೆಗೆ ತಂದದ್ದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಪಿಡಿಪಿ-11, 1970ರಲ್ಲಿ. ಅದರ ವಿಳಾಸ 16 ಬಿಟ್, ಒಟ್ಟು 64 ಕೆಬಿ. ಅದರಲ್ಲಿ ಮೇಲಿನ 8 ಕೆಬಿ ಸಾಧನಗಳಿಗೆ ಮೀಸಲು, ಉಳಿದದ್ದು 56. ಸಾಧನಗಳಿಗೇ ಅಂತ ಬೇರೆ ಆದೇಶಗಳು ಬೇಕಿಲ್ಲ, ಮೆಮೊರಿಗೆ ಬರೆದ ಹಾಗೇ ಪ್ರಿಂಟರಿಗೂ ಬರೆಯಬಹುದು. ಚೊಕ್ಕ ವಿನ್ಯಾಸ. ಆದರೆ ಕೆಲವೇ ವರ್ಷದಲ್ಲಿ 64 ಕೆಬಿ ಸಾಲದೆ ಹೋಯ್ತು. ಅದರ ರೂವಾರಿಗಳಲ್ಲಿ ಒಬ್ಬರಾದ ಗಾರ್ಡನ್ ಬೆಲ್ 1976ರಲ್ಲಿ ಬಿಲ್ ಸ್ಟ್ರೆಕರ್ ಜೊತೆ ಸೇರಿ ಬರೆದ ಪ್ರಬಂಧದಲ್ಲಿ ಇದನ್ನು ಮುಚ್ಚುಮರೆ ಇಲ್ಲದೆ ಒಪ್ಪಿಕೊಂಡರು. ಕಂಪ್ಯೂಟರ್ ವಿನ್ಯಾಸದಲ್ಲಿ ಮಾಡಿದರೆ ಚೇತರಿಸಿಕೊಳ್ಳೋದು ಕಷ್ಟವಾಗುವ ತಪ್ಪು ಒಂದೇ, ವಿಳಾಸಕ್ಕೆ ಸಾಕಷ್ಟು ಬಿಟ್ ಇಡದೇ ಇರೋದು ಅನ್ನೋದು ಅವರ ಮಾತಿನ ಸಾರ.

ಪಾಠ ಬರೆದಿಟ್ಟಾಗಿತ್ತು. ಐದು ವರ್ಷಕ್ಕೆ ಐಬಿಎಂ ಪಿಸಿ ಬಂತು.

1981ರ ಆಗಸ್ಟ್ 12ರಂದು ಬಿಡುಗಡೆಯಾದ ಆ ಯಂತ್ರವನ್ನು ಫ್ಲಾರಿಡಾದ ಬೋಕಾ ರಾಟನ್‌ನಲ್ಲಿ ಒಂದು ಸಣ್ಣ ತಂಡ ಸುಮಾರು ಒಂದು ವರ್ಷದಲ್ಲಿ ಸಿದ್ಧಮಾಡಿತ್ತು. ಬೆಲೆ 1,565 ಡಾಲರಿನಿಂದ ಶುರು, ಆ ಬೆಲೆಗೆ ಮೆಮೊರಿ ಬರೀ 16 ಕೆಬಿ. ಒಳಗಿದ್ದದ್ದು ಇಂಟೆಲ್‌ನ 8088. ವಿಳಾಸಕ್ಕೆ 20 ಬಿಟ್, ಅಂದರೆ 1 ಎಂಬಿ. ತಂಡ ಈ 1 ಎಂಬಿಯನ್ನು 64 ಕೆಬಿಯ ಹದಿನಾರು ತುಂಡಾಗಿ ನೋಡಿ, ಕೆಳಗಿನ ಹತ್ತನ್ನು ಮೆಮೊರಿಗೆ ಕೊಟ್ಟು, ಮೇಲಿನ ಆರನ್ನು ಪರದೆ, ಕಾರ್ಡು, ಬಯೋಸ್‌ಗಳಿಗೆ ಇಟ್ಟಿತು. ಹತ್ತು ಅರವತ್ನಾಲ್ಕು 640. ಆರು ಅರವತ್ನಾಲ್ಕು 384.

ಸಾಧನಗಳೇ ಯಾಕೆ ಮೇಲೆ? ಅದಕ್ಕೂ ಕಾರಣ ಇದೆ. 8088 ಆನ್ ಆದ ಕೂಡಲೇ ಮೊದಲ ಆದೇಶವನ್ನು ಹುಡುಕೋದು 1 ಎಂಬಿಯ ತುತ್ತತುದಿಗಿಂತ 16 ಬೈಟ್ ಕೆಳಗೆ. ಹಾಗಾಗಿ ಕರೆಂಟ್ ಹೋದರೂ ಅಳಿಯದ ಬಯೋಸ್ ಚಿಪ್ ಅಲ್ಲೇ ಇರಬೇಕು. ಇನ್ನೊಂದು ತುದಿಯಲ್ಲಿ, ಸೊನ್ನೆಯಿಂದ ಶುರುವಾಗುವ ಮೊದಲ 1,024 ಬೈಟುಗಳಲ್ಲಿ, ಸಾಧನಗಳು ಕೂಗಿದಾಗ ಏನು ಮಾಡಬೇಕು ಅನ್ನುವ ಪಟ್ಟಿ ಇರತ್ತೆ. ಅದನ್ನು ತಿದ್ದುತ್ತಾ ಇರಬೇಕಾದ್ದರಿಂದ ಅಲ್ಲಿ ರ್‍ಯಾಮ್ ಇರಬೇಕು. ಕೆಳಗೆ ಮೆಮೊರಿ, ಮೇಲೆ ಸಾಧನ. ನಕ್ಷೆ ಹೀಗೆ ನಿಂತಿತು.

640 ಕೆಬಿ ಎಲ್ಲರಿಗೂ ಸಾಕು ಅಂತ ಬಿಲ್ ಗೇಟ್ಸ್ ಹೇಳಿದ್ದರು ಅನ್ನೋ ಕತೆ ನಮ್ಮ ಆಫೀಸುಗಳಲ್ಲಿ ಇವತ್ತಿಗೂ ಓಡಾಡ್ತದೆ. ಗೇಟ್ಸ್ ಅದನ್ನು ಅಲ್ಲಗಳೆದಿದ್ದಾರೆ. ಅಲ್ಲದೆ ಈ ಗೆರೆ ಎಳೆದದ್ದು ಐಬಿಎಂನ ನಕ್ಷೆ. ಆ ಗೆರೆ ಜಿಪುಣತನವೂ ಅಲ್ಲ. ಆಗಿನ 8 ಬಿಟ್ ಯಂತ್ರಗಳ ಒಟ್ಟು ವಿಳಾಸವೇ 64 ಕೆಬಿ, ಇವರು ಕೊಟ್ಟದ್ದು ಅದರ ಹತ್ತು ಪಟ್ಟು.

ಆದರೂ ನಾಲ್ಕೇ ವರ್ಷದಲ್ಲಿ ಗೋಡೆಗೆ ತಲೆ ತಾಗಿತು. ಲೋಟಸ್ 1-2-3ರಂಥ ಸ್ಪ್ರೆಡ್‌ಶೀಟಿನಲ್ಲಿ ದೊಡ್ಡ ಲೆಕ್ಕ ಹಾಕುವವರಿಗೆ ಜಾಗ ಸಾಲಲಿಲ್ಲ. 1985ರಲ್ಲಿ ಲೋಟಸ್, ಇಂಟೆಲ್, ಮೈಕ್ರೋಸಾಫ್ಟ್ ಮೂರೂ ಸೇರಿ ಒಂದು ಉಪಾಯ ಮಾಡಿದವು. ಮೀಸಲು ಜಾಗದಲ್ಲಿ 64 ಕೆಬಿಯ ಒಂದು ಕಿಟಕಿ. ಹೆಚ್ಚುವರಿ ಮೆಮೊರಿ ಬೇರೆ ಕಾರ್ಡಿನಲ್ಲಿ, ಗೋಡೌನಿನಲ್ಲಿದ್ದ ಹಾಗೆ. ಬೇಕಾದ ತುಂಡನ್ನು 16 ಕೆಬಿಯ ಲೆಕ್ಕದಲ್ಲಿ ಕಿಟಕಿಗೆ ತರಿಸಿಕೊಂಡು ಕೆಲಸ ಮುಗಿಸಿ ವಾಪಸ್ ಕಳಿಸೋದು. ದುಡ್ಡು ಕೊಟ್ಟು ತಂದ ಮೆಮೊರಿಯನ್ನು ನೋಡೋಕೆ ಕಿಟಕಿ ಮುಂದೆ ಕ್ಯೂ ನಿಲ್ಲಬೇಕು.

ಅಷ್ಟರಲ್ಲಿ ಚಿಪ್ಪುಗಳು ಮುಂದೆ ಹೋಗಿದ್ದವು. 1984ರ ಐಬಿಎಂ ಪಿಸಿ ಎಟಿಯಲ್ಲಿದ್ದ 80286ಕ್ಕೆ 24 ಬಿಟ್ ವಿಳಾಸ, 16 ಎಂಬಿ. ಇನ್ನೇನು ತೊಂದರೆ? ಹಳೇ ಪ್ರೋಗ್ರಾಮುಗಳು. 8088ರಲ್ಲಿ ವಿಳಾಸ 1 ಎಂಬಿ ದಾಟಿದರೆ ಸ್ಕೂಟರಿನ ಮೀಟರ್ ಸುತ್ತಿಬಂದ ಹಾಗೆ ಮತ್ತೆ ಸೊನ್ನೆಗೆ ಬರ್ತಿತ್ತು. ಕೆಲವು ಪ್ರೋಗ್ರಾಮುಗಳು ಅದನ್ನೇ ನೆಚ್ಚಿಕೊಂಡಿದ್ದವು. ಅವು ಕೆಟ್ಟುಹೋಗಬಾರದು ಅಂತ ಐಬಿಎಂ ಹೊಸ ಯಂತ್ರದ 21ನೇ ವಿಳಾಸ ತಂತಿಗೆ ಒಂದು ಗೇಟ್ ಹಾಕಿತು. ಅದನ್ನು ತೆರೆಯುವ ಮುಚ್ಚುವ ಕೆಲಸವನ್ನು ಕೊಟ್ಟದ್ದು ಕೀಬೋರ್ಡ್ ನೋಡಿಕೊಳ್ಳುವ ಚಿಪ್ಪಿಗೆ. ಅದರಲ್ಲಿ ಒಂದು ಪಿನ್ ಖಾಲಿ ಇತ್ತು ಅಷ್ಟೇ. ಮೆಮೊರಿಯ ಬೀಗದಕೈ ಕೀಬೋರ್ಡಿನವನ ಕೈಲಿ!

ಇದು ಐಬಿಎಂ ಒಬ್ಬರ ಪಾಡಲ್ಲ. 1984ರ ಮ್ಯಾಕಿಂಟಾಷ್‌ನಲ್ಲಿ ವಿಳಾಸ ಬರೆಯೋಕೆ 32 ಬಿಟ್ ಜಾಗ, ಆದರೆ ಚಿಪ್ ನೋಡ್ತಿದ್ದದ್ದು ಅದರಲ್ಲಿ 24ನ್ನು ಮಾತ್ರ. ಉಳಿದ 8 ಸುಮ್ಮನೆ ಖಾಲಿ ಬಿದ್ದಿದೆಯಲ್ಲ ಅಂತ ಆಪಲ್‌ನವರೇ ಅಲ್ಲಿ ತಮ್ಮ ಗುರುತುಗಳನ್ನು ಇಟ್ಟುಕೊಂಡರು. ಮನೆ ಮುಂದಿನ ಫುಟ್‌ಪಾತ್ ಮೇಲೆ ನಾವು ಹೂಕುಂಡ ಇಡ್ತೀವಲ್ಲ, ಹಾಗೆ. ಮುಂದೆ 32 ಬಿಟ್ಟನ್ನೂ ನೋಡುವ ಚಿಪ್ ಬಂದಾಗ ಈ ಗುರುತುಗಳೂ ವಿಳಾಸದ ಭಾಗ ಅನ್ನಿಸಿಕೊಂಡವು. ಪರಿಣಾಮವಾಗಿ ಮ್ಯಾಕ್ ಎಸ್ಇ/30ಯಂಥ ಯಂತ್ರಗಳಲ್ಲಿ ಎಷ್ಟೇ ಮೆಮೊರಿ ಹಾಕಿಸಿದರೂ, ಅದಕ್ಕೇ ಅಂತ ಬೇರೆ ತಂತ್ರಾಂಶ ಬರುವವರೆಗೆ, ಬಳಸಲು ಸಿಕ್ಕಿದ್ದು 8 ಎಂಬಿ.

ಈಗ ನನ್ನ ಮುಕ್ಕಾಲು ಜಿಬಿಗೆ ಬರೋಣ. 1985ರಲ್ಲಿ ಇಂಟೆಲ್ 80386 ತಂದಿತು. 32 ಬಿಟ್, 4 ಜಿಬಿ. ಮೆಮೊರಿಯನ್ನು ಕೆಬಿ ಲೆಕ್ಕದಲ್ಲಿ ಕೊಳ್ಳುತ್ತಿದ್ದವರಿಗೆ ಅದು ಸಮುದ್ರ. ಆದರೆ ಹಳೇ ಅಭ್ಯಾಸ ಹೋಗಲಿಲ್ಲ. ಈ ಚಿಪ್ ಕೂಡ ಎದ್ದ ಕೂಡಲೇ ನೋಡೋದು ತುತ್ತತುದಿಗಿಂತ 16 ಬೈಟ್ ಕೆಳಗೆ, ಈ ಸಲ 4 ಜಿಬಿಯ ತುದಿ. ಬಯೋಸ್ ಮತ್ತೆ ಅಲ್ಲಿಗೇ ಹೋಯ್ತು, ಅದರ ಕೆಳಗೆ ಗ್ರಾಫಿಕ್ಸ್ ಕಾರ್ಡು, ಮಿಕ್ಕ ಕಾರ್ಡುಗಳು. 640ರ ನಕ್ಷೆಯನ್ನೇ ದೊಡ್ಡದು ಮಾಡಿ ಜೆರಾಕ್ಸ್ ತೆಗೆದ ಹಾಗೆ. ಸಾಧನಗಳು ತಗೊಂಡ ಆ ವಿಳಾಸಗಳಲ್ಲೇ ನಾನು ಹಾಕಿದ ಕೊನೆಯ ಮುಕ್ಕಾಲು ಜಿಬಿ ಇರಬೇಕಿತ್ತು.

ಪರಿಹಾರ ಇರಲಿಲ್ಲವೇ? ಇತ್ತು, 1995ರಲ್ಲೇ. ಇಂಟೆಲ್‌ನ ಪೆಂಟಿಯಂ ಪ್ರೊ ಪಿಎಇ ಅನ್ನೋ ವ್ಯವಸ್ಥೆಯಿಂದ ಭೌತಿಕ ವಿಳಾಸವನ್ನು 36 ಬಿಟ್‌ಗೆ, ಅಂದರೆ 64 ಜಿಬಿಗೆ ಏರಿಸಿತ್ತು. ಮುಚ್ಚಿಹೋದ ಮೆಮೊರಿಗೆ 4 ಜಿಬಿಯ ಆಚೆ ಹೊಸ ನಂಬರು ಕೊಡಬಲ್ಲ ಮದರ್‌ಬೋರ್ಡುಗಳೂ ಬಂದವು. ವಿಂಡೋಸ್ ಸರ್ವರ್‌ನ ದುಬಾರಿ 32 ಬಿಟ್ ಆವೃತ್ತಿಗಳು ಈ ದಾರಿಯಲ್ಲೇ 4 ಜಿಬಿಗಿಂತ ಹೆಚ್ಚು ಬಳಸುತ್ತಿದ್ದವು. ಮನೆ ಮಂದಿಯ ಎಕ್ಸ್‌ಪಿಗೆ ಮಾತ್ರ ಇಲ್ಲ. ಯಾಕೆ ಅಂತ ಮೈಕ್ರೋಸಾಫ್ಟ್‌ನ ಮಾರ್ಕ್ ರುಸಿನೋವಿಚ್ 2008ರಲ್ಲಿ ವಿವರಿಸಿದ್ದಾರೆ. ಹೆಚ್ಚು ಮೆಮೊರಿ ಹಾಕಿ ಪರೀಕ್ಷೆ ಮಾಡಿದಾಗ ಹಲವು ಯಂತ್ರಗಳು ಕ್ರ್ಯಾಷ್ ಆದವು, ಕೆಲವು ಏಳಲೇ ಇಲ್ಲ. ವಿಡಿಯೋ, ಆಡಿಯೋ ಕಾರ್ಡುಗಳ ಡ್ರೈವರ್ ಬರೆದವರು 4 ಜಿಬಿಯ ಆಚೆ ವಿಳಾಸ ಇರತ್ತೆ ಅಂತ ಎಣಿಸಿಯೇ ಇರಲಿಲ್ಲ. ಹಾಗಾಗಿ ಆಚೆ ಇರುವ ಮೆಮೊರಿಯನ್ನು ನೋಡೋದೇ ಬೇಡ ಅಂತ ಮೈಕ್ರೋಸಾಫ್ಟ್ ಬಿಟ್ಟುಬಿಟ್ಟಿತು. ಕೊನೆಗೆ ನನ್ನನ್ನು ತಡೆದ ಗೋಡೆ ರ್‍ಯಾಮಿನದಲ್ಲ, ಚಿಪ್ಪಿನದಲ್ಲ, ಯಾರೋ ಎಲ್ಲೋ ಬರೆದ ಡ್ರೈವರಿನದು.

2008ರಲ್ಲಿ ಬಂದ ವಿಸ್ತಾ ಸರ್ವೀಸ್ ಪ್ಯಾಕ್ 1 ಒಂದು ಬದಲಾವಣೆ ಮಾಡಿತು. ಬಳಸಬಹುದಾದ ಮೆಮೊರಿಯ ಬದಲು ಹಾಕಿಸಿದ ಮೆಮೊರಿಯನ್ನು ತೋರಿಸತೊಡಗಿತು. ನಾಲ್ಕು ಹಾಕಿದರೆ ನಾಲ್ಕು. 32 ಬಿಟ್ ಯಂತ್ರದಲ್ಲಿ ಸಿಗುವ ಮೆಮೊರಿ ಒಂದು ಬೈಟೂ ಹೆಚ್ಚಲಿಲ್ಲ. ವಿಂಡೋಸ್ 7 ಎರಡೂ ಅಂಕಿ ಕೊಟ್ಟಿತು, ಹಾಕಿಸಿದ್ದು ಇಷ್ಟು, ಬಳಸಲು ಸಿಗೋದು ಇಷ್ಟು ಅಂತ. ಅದೇ ವಿಂಡೋಸ್ 7ರಲ್ಲಿ ಭಾರತದಂಥ ದೇಶಗಳಿಗೆ ಅಂತ ಮಾರಿದ ಹೋಮ್ ಬೇಸಿಕ್ ಇತ್ತು. ಅದರ 64 ಬಿಟ್ ಆವೃತ್ತಿಗೂ ಮಿತಿ 8 ಜಿಬಿ. ಅದಕ್ಕೆ ಚಿಪ್ಪಿನ ಕಾರಣ ಇಲ್ಲ, ಬೆಲೆಪಟ್ಟಿಯ ಕಾರಣ.

64 ಬಿಟ್ ದಾರಿಯನ್ನು ಮನೆ ಕಂಪ್ಯೂಟರಿಗೆ ತೆರೆದದ್ದು ಎಎಂಡಿ, 2003ರಲ್ಲಿ. ಅವರು ಆಗ ಬಳಸಿದ್ದು 64ರಲ್ಲಿ 48 ಬಿಟ್ ಮಾತ್ರ. ಆದರೆ ಉಳಿದ 16 ಬಿಟ್‌ಗಳಲ್ಲಿ ಯಾರೂ ಹೂಕುಂಡ ಇಡದ ಹಾಗೆ ನೋಡಿಕೊಂಡರು. ಅವು 48ನೇ ಬಿಟ್ಟಿನ ನಕಲೇ ಆಗಿರಬೇಕು, ಬೇರೆ ಏನಿದ್ದರೂ ಚಿಪ್ ತಿರಸ್ಕರಿಸತ್ತೆ. ಹಳಬರ ತಪ್ಪಿನಿಂದ ಕಲಿತದ್ದು ಅಂದರೆ ಇದು. ಇವತ್ತಿನ ನಿಮ್ಮ 16 ಜಿಬಿ ಲ್ಯಾಪ್‌ಟಾಪ್ 15 ಚಿಲ್ಲರೆ ಅಂತ ತೋರಿಸಿದರೆ ವಿಳಾಸ ಸಾಲದು ಅಂತಲ್ಲ, ಒಳಗಿನ ಗ್ರಾಫಿಕ್ಸ್, ಫರ್ಮ್‌ವೇರ್ ತಮ್ಮ ಪಾಲು ಎತ್ತಿಟ್ಟುಕೊಂಡಿವೆ ಅಂತ.

ಇಷ್ಟೆಲ್ಲದರಲ್ಲಿ ಮೋಸ ಮಾಡಿದವರು ಯಾರೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಕಾಲಕ್ಕೆ ಉದಾರವಾಗೇ ಗೆರೆ ಎಳೆದರು. ಗೆರೆಗೆ ಒತ್ತಿಕೊಂಡು ಬೇರೆಯವರು ಮನೆ ಕಟ್ಟಿದರು. ಆಮೇಲೆ ಗೆರೆ ಸರಿಸೋಕೆ ಹೋದರೆ ಮನೆಗಳು ಬೀಳ್ತವೆ. ಕೋಡ್ ಬರೆದು ಹೊಟ್ಟೆ ಹೊರೆಯುವ ನಾವೂ ದಿನಾ ಇಂಥ ಗೆರೆ ಎಳೀತಾ ಇರ್ತೀವಿ, ಸದ್ಯಕ್ಕೆ ಇಷ್ಟು ಸಾಕು ಅಂತ. ಅದರ ಬೈಗುಳ ತಿನ್ನೋರು ನಾವಲ್ಲ.

ಮುಂದೆ ಒಂದು ದಿನ ಹಾರ್ಡ್‌ಡಿಸ್ಕ್ ತರೋಕೆ ಅದೇ ಅಂಗಡಿಗೆ ಹೋದಾಗ ಆ ಹುಡುಗನಿಗೆ ಹೇಳಿದೆ: "ಅವತ್ತು ರ್‍ಯಾಮ್ ವಿಷಯಕ್ಕೆ ಸುಮ್ಮನೆ ಬೈದುಬಿಟ್ಟೆ. ನೀವು ಹೇಳಿದ್ದೇ ಸರಿ ಇತ್ತು." ಅವನಿಗೆ ನನ್ನ ನೆನಪೇ ಇರಲಿಲ್ಲ. "ದಿನಾ ಇಬ್ರು ಮೂವರು ಹಂಗೇ ಬೈಯ್ತಾರೆ ಸಾರ್" ಅಂದು ನಕ್ಕ. ಆಮೇಲೆ, "ಯಾಕೆ ಸಾರ್ ಹಂಗಾಗದು?" ಅಂದ. ಬಡಾವಣೆಯ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, ಬಿಲ್ಲಿನ ಹಿಂದೆ ನೂರು ಅಂತ ಬರೆದು, ಇಪ್ಪತ್ತು ಕಳೆದು, "ನಾಳೆಯಿಂದ ಇದನ್ನೇ ಹೇಳ್ತೀನಿ" ಅಂದ.